ಮೂಗಿನ ಮಾತ್ರೆ

ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಹಿಟ್ಟಿನ ಧೂಳು ಎಷ್ಟು ನಿಧಾನವಾಗಿ ಇಳಿಯುತ್ತಿದೆ, ಯಾವ ಅವಸರವೂ ಇಲ್ಲ ಅದಕ್ಕೆ, ಇಳಿದು ಎಲ್ಲಿಗೆ ಹೋಗುತ್ತದೆ, ನನ್ನ ಮೂಗಿಗೇ ಬರುತ್ತದೆ, ಬಂತು, ಕಚಗುಳಿ ಶುರುವಾಯಿತು, ಮೊದಲು ಎಡ ಹೊಳ್ಳೆ, ಆಮೇಲೆ ಬಲ, ಆಮೇಲೆ ಒಳಗೆಲ್ಲೋ ಒಂದಿಷ್ಟು ತೇವ — ಸೀನಬಾರದು, ಒತ್ತು, ಮಡಿಸು, ತಿರುಗಿಸು, ಮೊಣಕೈವರೆಗೆ ಹಿಟ್ಟಿನಲ್ಲಿದ್ದೇನೆ, ಒರೆಸಿಕೊಳ್ಳಲು ಕೈಯಿಲ್ಲ, ಬನ್ನಿನ ಹಿಟ್ಟು ನಾದುವವರಿಗೆ ಕೈ ಇರುವುದಿಲ್ಲ, ಮೂಗು ಮಾತ್ರ ಇರುತ್ತದೆ, ಬ್ರೆಡ್ಡಿನದಕ್ಕೆ ಮೆಷೀನಿದೆ, ಬನ್ನಿಗೆ ಮಾತ್ರ ಕೈಯೇ ಆಗಬೇಕು, ಅದೂ ನನ್ನ ಕೈಯೇ ಆಗಬೇಕು, ಎದುರಿಗೆ ಗಾಜು, ಗಾಜಿನಾಚೆ ಅಂಗಡಿ, ಅಂಗಡಿಯಲ್ಲಿ ನಿಂತು ನನ್ನನ್ನೇ ನೋಡುವ ಗಿರಾಕಿಗಳು, ಈ ಗಾಜು ಹಾಕಿಸಿದ ದಿನ ಬೇಕರಿಯ ಯಜಮಾನರು, ನಮ್ಮ ಮಾಸ್ಟರ್, ಹೇಳಿದ್ದರು, ನೋಡ್ಲಮ್ಮ ಜನ, ಕೈಯಲ್ಲಿ ನಾದೋದು ನೋಡಿದ್ರೆ ಅಲ್ಲೇ ಬಾಯಲ್ಲಿ ನೀರೂರತ್ತೆ ಅವ್ರಿಗೆ — ಊರಲಿ, ಊರಿಗೆಲ್ಲ ಊರಲಿ, ನನ್ನ ಮಗಳ ಬಾಯಿ ಮಾತ್ರ ಒಣಗಲಿ. ಒತ್ತು, ಮಡಿಸು. ಮಗಳು ಈಗ ಎದ್ದಿರುತ್ತಾಳೆ, ಅತ್ತೆಯ ಮಡಿಲಲ್ಲಿರುತ್ತಾಳೆ, ಬಾಟಲಿಯ ರಬ್ಬರನ್ನು ನಾಲಿಗೆಯಿಂದ ಆಚೆ ತಳ್ಳುತ್ತಿರುತ್ತಾಳೆ, ಅವಳಿಗೆ ಅದು ಬೇಡ, ಎಷ್ಟು ದಿನವಾದರೂ ಬೇಡ, ನನ್ನ ಎದೆಗೆ ಬಾಯಿ ಹಾಕುತ್ತಾಳೆ, ಎಳೆಯುತ್ತಾಳೆ, ಎಳೆದೆಳೆದು ಬಿಟ್ಟುಬಿಡುತ್ತಾಳೆ, ಬಿಟ್ಟು ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ, ಅತ್ತರೆ ಸಹಿಸಬಹುದು, ಅಳುವುದಿಲ್ಲ, ಬಾಯಿ ತೆರೆದುಕೊಂಡೇ ನೋಡುತ್ತಾಳೆ. ಮೂಗಿನಲ್ಲಿ ಹನಿ ಇನ್ನೂ ಆಗಿಲ್ಲ. ತೇವ ಅಷ್ಟೆ.

ಇಂದು ಬೆಳಿಗ್ಗೆ ನಾನು ಮೂಗಿಂದು ತೆಗೆದುಕೊಂಡಿಲ್ಲ, ನಿನ್ನೆಯೂ ತೆಗೆದುಕೊಂಡಿಲ್ಲ, ನಿನ್ನೆ ಯಾರೂ ಗಮನಿಸಲಿಲ್ಲ, ಇಂದು ಮಾಸ್ಟರ್ ಗಮನಿಸಿದ್ದಾರೆ, ಅವರ ಕಣ್ಣು ಒಮ್ಮೆ ನನ್ನ ಮೂಗಿನ ಮೇಲೆ, ಒಮ್ಮೆ ತಕ್ಕಡಿಯ ಪಕ್ಕದ ಜಾಮ್ ಬಾಟಲಿಯ ಮುಚ್ಚಳದ ಮೇಲೆ, ಮುಚ್ಚಳದಲ್ಲಿ ಮಾತ್ರೆಗಳು, ಬೆಳಿಗ್ಗೆ ಬಂದವರು ಟೋಪಿ ಹಾಕಬೇಕು, ಏಪ್ರನ್ ಕಟ್ಟಬೇಕು, ಮಾತ್ರೆ ನುಂಗಬೇಕು, ಆಮೇಲೆಯೇ ಹಿಟ್ಟಿಗೆ ಕೈ, ಮಾಸ್ಟರ್ ಅವರ ಅಪ್ಪನ ಕಾಲದಿಂದ ನಡೆದುಬಂದದ್ದು, ಆಗ ಯಾರದೋ ಮೂಗಿನಿಂದ ಹಿಟ್ಟಿಗೆ ಹನಿ ಬಿದ್ದದ್ದನ್ನು ಗಿರಾಕಿಯೊಬ್ಬ ಕಂಡನಂತೆ, ಕಂಡವನು ಸುಮ್ಮನಿದ್ದನೇ, ಬೀದಿಯೆಲ್ಲ ಸಾರಿಕೊಂಡು ಬಂದನಂತೆ, ಭಟ್ಟಿ ಆರಿಸಿ ಬಾಗಿಲು ಹಾಕುವ ಗತಿ ಬಂದಿತ್ತಂತೆ, ಅಂದಿನಿಂದ ಈ ಮಾತ್ರೆ — ನಾವು ಇದನ್ನು ಮಾತ್ರೆ ಎಂದು ಕರೆಯುವುದೂ ಇಲ್ಲ, ಮೂಗಿಂದು ಎನ್ನುತ್ತೇವೆ, ಮೂಗಿಂದು ತಗೊಂಡ್ಯಾ, ಹೂಂ ತಗೊಂಡೆ, ಭಟ್ಟಿ ನೋಡಿಕೊಳ್ಳುವ ತಾತ ಚಹದ ಜೊತೆ ನುಂಗುತ್ತಾನೆ, ನುಂಗಿ ಮೂಗು ಸವರಿಕೊಂಡು, ಬೀಗ ಬಿತ್ತಪ್ಪ ಅಂಗಡಿಗೆ, ಎನ್ನುತ್ತಾನೆ, ದಿನವೂ ಅದೇ ಮಾತು, ದಿನವೂ ನಗುತ್ತೇವೆ, ನಾನೂ ನಕ್ಕಿದ್ದೇನೆ, ಬಸಿರಿನಲ್ಲಿ ವಾಂತಿ ತಡೆಯಲಾರದೆ ಬೇಗನೆ ಮನೆ ಹಿಡಿದೆ, ಹೆತ್ತೆ, ಮೂರು ತಿಂಗಳು ಮಗುವನ್ನು ಎದೆಯಿಂದ ಇಳಿಸದೆ ಕೂತೆ, ಆಗ ಹಾಲೆಂದರೆ ಹಾಲು, ಇವಳು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಅಂಗಿ ನೆನೆದುಹೋಗುತ್ತಿತ್ತು, ಅತ್ತೆ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು, ಹೌದು ಹೊಟ್ಟೆಕಿಚ್ಚೇ, ಆಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಕೆಲಸಕ್ಕೆ ಬಂದೆ. ಟೋಪಿ ಹಾಕಿದೆ, ಏಪ್ರನ್ ಕಟ್ಟಿದೆ, ಮುಚ್ಚಳಕ್ಕೆ ಕೈ ಹಾಕಿದೆ. ಯೋಚಿಸಿದೆನೇ, ಇಲ್ಲ, ಚಪ್ಪಲಿ ಮೆಟ್ಟುವಾಗ ಯಾರು ಯೋಚಿಸುತ್ತಾರೆ.

ಅಲ್ಲಿಂದ ಹಾಲು ಇಳಿಯಿತು, ಇಳಿಯಿತು ಎಂದರೆ ಕಡಿಮೆಯಾಯಿತು, ಒಂದೇ ದಿನದಲ್ಲಲ್ಲ, ಮೊದಲು ಅಂಗಿ ನೆನೆಯುವುದು ನಿಂತಿತು, ಸದ್ಯ ಒಗೆಯುವ ಕೆಲಸ ಕಡಿಮೆಯಾಯಿತು ಎಂದುಕೊಂಡೆ, ಎಂಥ ಪೆದ್ದಿ, ಆಮೇಲೆ ಮಗು ಕುಡಿದು ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಬಾಯಿ ಹುಡುಕತೊಡಗಿತು, ಆಮೇಲೆ ಮಲಗುವುದೇ ನಿಂತಿತು, ತೂಕ ನೋಡುವ ನರ್ಸು ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡಿದಳು, ತಕ್ಕಡಿಯೇ ಕೆಟ್ಟಿರಬೇಕೆಂದು, ಕೆಟ್ಟಿರಲಿಲ್ಲ, ಆಗ ಶುರುವಾಯಿತು ನೋಡು ಉಪದೇಶ, ಕಂಡಕಂಡವರೆಲ್ಲ ನನ್ನ ಎದೆಯ ಮೇಲೆ ಮಾತಾಡಿದರು, ನೀರು ಕುಡೀಬೇಕಮ್ಮ, ಕುಡಿದೆ, ಹೊಟ್ಟೆ ತುಂಬಾ ತಿನ್ನಬೇಕು, ತಿಂದೆ, ತಾಯಿ ಮನಸ್ಸು ಖುಷಿಯಾಗಿದ್ರೆ ಹಾಲು ತಾನಾಗೇ ಬರತ್ತೆ, ಇದನ್ನು ಹೇಳಿದ್ದು ಆ ನರ್ಸೇ, ಮುಖ ಗಂಟು ಹಾಕಿಕೊಂಡು ಹೇಳಿದಳು, ಖುಷಿಯಾಗಿರು ಎಂದು ಗದರಿದರೆ ಯಾವಳಿಗೆ ಖುಷಿಯಾಗುತ್ತದೆ, ನಿನಗೆ ಸಿಟ್ಟು ಜಾಸ್ತಿ, ಸಿಟ್ಟಿಗೆ ಹಾಲು ಬತ್ತತ್ತೆ, ಇದು ನನ್ನ ಗಂಡನ ಅಕ್ಕ, ಆಗ ನನಗೆ ಸಿಟ್ಟೇ ಇರಲಿಲ್ಲ, ಈಗ ಇದೆ, ಈಗ ಬಂದು ನೋಡಲಿ. ಗಂಡ ಒಂದು ಸಂಜೆ ಪುಡಿ ಹಾಲಿನ ಡಬ್ಬಿ ತಂದು ಮೇಜಿನ ಮೇಲೆ ಇಟ್ಟ, ಸದ್ದಾಗದ ಹಾಗೆ ಇಟ್ಟ, ಸತ್ತವರ ಮನೆಗೆ ಬಂದವನ ಹಾಗೆ, ತಲೆ ಕೆಡಿಸ್ಕೋಬೇಡ ಕಣೇ, ನಾನೂ ಡಬ್ಬಿ ಹಾಲಲ್ಲೇ ಬೆಳೆದವನು, ನೋಡು ನನ್ನ, ಹೇಗಿದ್ದೀನಿ, ಎಂದ, ನೋಡ್ತಾನೇ ಇದ್ದೀನಿ, ಎಂದೆ, ಪಾಪ ಅವನು ನಕ್ಕ, ಒಳ್ಳೆಯವನು, ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ, ಡಬ್ಬಿಯ ಮೇಲೆಯೂ ನನಗೆ ಸಿಟ್ಟಿಲ್ಲ, ಮಗುವಿನ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ, ಬಿದ್ದದ್ದರಿಂದಲೇ ಮುಳ್ಳು ಒಂದಿಷ್ಟು ಮೇಲೆ ಹೋಯಿತು, ಸಿಟ್ಟು ಬೇರೆಯದರ ಮೇಲೆ, ನನ್ನದು ನನ್ನಲ್ಲಿತ್ತು, ಧಾರಾಳವಾಗಿತ್ತು, ಅದನ್ನು ನನ್ನ ಕೈಯಿಂದಲೇ ನಿಲ್ಲಿಸಿದರಲ್ಲ. ಬೇಕರಿಯಲ್ಲಂತೂ ಯಾರಿಗೂ ಆಶ್ಚರ್ಯವೇ ಆಗಲಿಲ್ಲ. ಭಟ್ಟಿ ತಾತ ಸಲಾಕೆಯಿಂದ ತಟ್ಟೆ ಎಳೆಯುತ್ತಾ ಹೇಳಿದ, ಭಟ್ಟಿ ಕಾವಿಗೆ ಆರಿಹೋಗತ್ತಮ್ಮ ಹಾಲು, ಇಲ್ಲಿ ದುಡಿದ ಯಾವ ಹೆಂಗಸಿಗೂ ಉಳಿದಿಲ್ಲ, ನಿನ್ನತ್ತೆಗೂ ಉಳೀಲಿಲ್ಲ, ಅದು ಹಾಗೇನೇ — ಅದು ಹಾಗೇನೇ, ಎಷ್ಟು ಆರಾಮಾದ ಮಾತು, ಇಪ್ಪತ್ತು ಮೂವತ್ತು ವರ್ಷ ಇಷ್ಟು ಜನ ಹೆಂಗಸರು ಈ ತೊಟ್ಟಿಯ ಮುಂದೆ ಬಗ್ಗಿ ನಾದಿದರು, ಒಬ್ಬೊಬ್ಬರದೂ ಬತ್ತಿತು, ಎಲ್ಲರೂ ಭಟ್ಟಿಯ ಕಡೆ ಬೆರಳು ತೋರಿಸಿದರು, ಭಟ್ಟಿಗೆ ಬಾಯಿಲ್ಲ, ಇದ್ದಿದ್ದರೆ ನಾನಲ್ಲ ಎನ್ನುತ್ತಿತ್ತು.

ಒತ್ತು, ಮಡಿಸು, ತಿರುಗಿಸು, ಈಗ ಹೊಳ್ಳೆಯ ಅಂಚಿಗೆ ಬಂದಿದೆ, ತಣ್ಣಗೆ ಬಂದಿದೆ, ಮೂಗು ಏರಿಸಿದೆ, ಹೋಯಿತು, ಮತ್ತೆ ಬಂತು, ಗಾಜಿನಾಚೆ ಹೆಗಲ ಮೇಲೆ ಮಗು ಹಾಕಿಕೊಂಡ ಒಬ್ಬಳು ನಿಂತಿದ್ದಾಳೆ, ಮಗು ಗಾಜಿಗೆ ಅಂಗೈ ಒತ್ತಿದೆ, ದಪ್ಪ ಅಂಗೈ, ನನ್ನವಳದೂ ಹಾಗೇ ಇತ್ತು. ಮೊನ್ನೆ ಡಾಕ್ಟ್ರಮ್ಮನ ಹತ್ತಿರ ಹೋದದ್ದು ಇಲ್ಲಿಂದ ನೇರವಾಗಿ, ಬಟ್ಟೆಯ ಮೇಲೆಲ್ಲ ಹಿಟ್ಟು, ತೊಡೆಯ ಮೇಲೆ ಅತ್ತೆ ಅಲ್ಲಿಗೇ ತಂದುಕೊಟ್ಟು ಹೋದ ಮಗಳು, ಯಾವುದಾದ್ರೂ ಔಷಧಿ ತಗೊಳ್ತಿದ್ದೀಯಾ, ಇಲ್ಲ, ಎಂದೆ, ಹೋದ ಸಲವೂ ಕೇಳಿದ್ದರು, ಆಗಲೂ ಇಲ್ಲ, ಅದಕ್ಕೂ ಹಿಂದಿನ ಸಲ ನರ್ಸು ಕೇಳಿದಾಗಲೂ ಇಲ್ಲ, ಸುಳ್ಳು ಹೇಳಿದೆನೇ, ದೇವರಾಣೆಗೂ ಇಲ್ಲ, ಅಷ್ಟರಲ್ಲಿ ನನಗೆ ಸೀನು ಬಂತು, ಒಂದರ ಹಿಂದೆ ಒಂದು, ಬೆಳಗಿನ ಮಾತ್ರೆಯ ಜೋರು ಇಳಿದಿತ್ತು, ಏಪ್ರನ್ನಿನ ಜೇಬಿನಲ್ಲಿ ಮಧ್ಯಾಹ್ನದ್ದು ಇತ್ತು, ತೆಗೆದೆ, ಡಾಕ್ಟ್ರೇ ಒಂಚೂರು ನೀರು ಸಿಗತ್ತಾ, ಎಂದೆ, ಅವರು ಎದ್ದು ಲೋಟದಲ್ಲಿ ಕೊಟ್ಟರು, ಕೊಟ್ಟವರು ಲೋಟ ಬಿಡಲಿಲ್ಲ, ಅದೇನದು ಕೈಯಲ್ಲಿ, ಅಯ್ಯೋ ಇದು ಔಷಧಿ ಅಲ್ಲ ಡಾಕ್ಟ್ರೇ, ಮೂಗಿಂದು, ಎಂದೆ — ಅವರ ಮುಖ, ಆ ಮುಖ ನಾನು ಸಾಯುವವರೆಗೆ ಮರೆಯುವುದಿಲ್ಲ, ನಗುವುದೋ ಬೈಯುವುದೋ ತಿಳಿಯದೆ ನಿಂತರು, ಮಾತ್ರೆ ತೆಗೆದುಕೊಂಡು ಬೆಳಕಿಗೆ ಹಿಡಿದರು, ಅದರ ಹೊದಿಕೆಯ ಬೆಳ್ಳಿ ಹಾಳೆಯ ಮೇಲಿನ ಹೆಸರನ್ನು ಓದಿದರು, ಕೂತರು, ಎಷ್ಟು ದಿನದಿಂದ, ಕೆಲಸಕ್ಕೆ ಹೋದಾಗಿಂದ, ದಿನಕ್ಕೆಷ್ಟು, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು, ಯಾರು ಕೊಟ್ರು, ಮಾಸ್ಟ್ರು. ಆಗ ಹೇಳಿದರು, ಎಲ್ಲಾ ನೆಗಡಿ ಮಾತ್ರೆನೂ ಹೀಗಲ್ಲಮ್ಮ, ಆದ್ರೆ ಇದ್ರೊಳಗಿರೋದು ಮೂಗು ಒಣಗಿಸೋ ಹಾಗೆ ಹಾಲನ್ನೂ ಕಡಿಮೆ ಮಾಡತ್ತೆ, ಒಂದೆರಡು ಸಲ ತಗೊಂಡ್ರೇ ಕೆಲವ್ರಿಗೆ ಗೊತ್ತಾಗತ್ತೆ, ನೀನು ದಿನಾ ನುಂಗಿದ್ದೀಯ, ಇವತ್ತೇ ನಿಲ್ಸು, ಮಗುಗೆ ಪದೇ ಪದೇ ಎದೆ ಕೊಡು, ಕುಡಿದಾದ್ಮೇಲೆ ಕೈಯಲ್ಲಿ ಹಿಂಡು, ತೂಕ ಬರೋವರೆಗೆ ಡಬ್ಬೀದೂ ಇರ್ಲಿ, ಮೂಗಿಗೆ ಉಪ್ಪುನೀರು ಬಿಟ್ಕೋ, ಹಾಲು ವಾಪಸ್ ಬರಬಹುದು, ಬಂದೇ ಬರತ್ತೆ ಅಂತ ನಾನು ಮಾತು ಕೊಡಲ್ಲ — ಮಾತು ಕೊಡುವುದಿಲ್ಲವಂತೆ, ಯಾರಿಗೆ ಬೇಕಾಗಿತ್ತು ನಿಮ್ಮ ಮಾತು, ಮೊದಲೇ ಕೇಳಬಾರದಿತ್ತೇ, ಔಷಧಿ ಔಷಧಿ ಎಂದು ಕೇಳಿದಿರಿ, ಇಲ್ಲ ಎಂದೆ, ಸರಿ ಎಂದು ಮುಂದಕ್ಕೆ ಹೋದಿರಿ, ಬೆಳಿಗ್ಗೆ ಎದ್ದು ಬಾಯಿಗೆ ಏನೇನು ಹಾಕ್ಕೊಳ್ತೀಯಾ ಎಂದು ಒಂದು ಸಲ ಕೇಳಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು. ಇದನ್ನೆಲ್ಲ ನಾನು ಹೇಳಲಿಲ್ಲ. ಥ್ಯಾಂಕ್ಸ್ ಡಾಕ್ಟ್ರೇ ಎಂದು ಎದ್ದು ಬಂದೆ.

ಮನೆಯಲ್ಲಿ ಅತ್ತೆಗೆ ಹೇಳಿದೆ, ಅವರು ಬಾಟಲಿ ತೊಳೆಯುತ್ತಿದ್ದರು, ಭಟ್ಟಿ ಅಲ್ವಂತೆ ಅತ್ತೆ, ಮೂಗಿಂದಂತೆ, ಎಂದೆ, ಬಿಡಿಸಿ ಹೇಳಿದೆ, ಸುಮ್ನಿರು, ಎಂದರು, ಭಟ್ಟೀನೇ, ಎಂದರು, ತೊಳೆದ ಬಾಟಲಿಯನ್ನೇ ಮತ್ತೆ ತೊಳೆದರು, ಮತ್ತೆ ತೊಳೆದರು, ಬ್ರಷ್ ಹಾಕಿ ತಿಕ್ಕಿದರು, ನಲ್ಲಿ ಹರಿಯುತ್ತಲೇ ಇತ್ತು, ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಆಮೇಲೆ ಆ ಬೆನ್ನೇ ಮಾತಾಡಿತು, ಆಗ ಮೂಗಿಂದು ಹಳದಿ ಬಣ್ಣದ್ದು ಬರ್ತಿತ್ತು, ಎಂದಿತು. ಈ ತೊಟ್ಟಿಯಲ್ಲೇ ನಾದಿದವರು ಅವರು, ಮಾಸ್ಟರ್ ಅವರ ಅಪ್ಪನ ಕೈಕೆಳಗೆ, ನನ್ನ ಗಂಡ ಎದೆಹಾಲಿನ ರುಚಿ ಕಾಣದೆ ಬೆಳೆದ, ಅವರ ಅತ್ತೆ ಅವರಿಗೆ ಒಣಕಲಿ ಎಂದು ಹೆಸರಿಟ್ಟಿದ್ದರು, ಬಂದವರ ಮುಂದೆಯೂ ಅದೇ ಹೆಸರು, ಒಣಕಲೀ ನೀರು ತಾ, ಒಣಕಲೀ ಬಾಗಿಲು ಹಾಕು, ಸಾಯುವವರೆಗೂ ಕರೆದರು, ಇವರು ಓ ಎಂದು ಓಗೊಟ್ಟರು, ತಮ್ಮ ಮೈಯೇ ಸರಿಯಿಲ್ಲ ಎಂದು ನಂಬಿ ಓಗೊಟ್ಟರು, ನನ್ನ ಅಂಗಿ ನೆನೆದದ್ದನ್ನು ಅವರು ಯಾಕೆ ಹಾಗೆ ನೋಡುತ್ತಿದ್ದರು ಎಂದು ಈಗ ತಿಳಿಯುತ್ತದೆ, ಅವರ ಮೇಲೆ ಎಷ್ಟೆಲ್ಲ ಗೊಣಗಿದ್ದೇನೆ ನಾನು, ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ಆ ಬೆಂಕಿಯಿಂದ ಒಂದು ಭಟ್ಟಿ ಬನ್ನು ಸುಡಬಹುದು. ಇಂದು ಬೆಳಿಗ್ಗೆ ಮಗಳು ಬಾಯಿ ಬಿಟ್ಟ ಮೇಲೆ ಹಿಂಡಿದೆ, ಡಾಕ್ಟ್ರಮ್ಮ ತೋರಿಸಿದ ಹಾಗೆ, ಹೆಬ್ಬೆರಳು ಮೇಲೆ, ಬೆರಳು ಕೆಳಗೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು, ಹಿಟ್ಟು ನಾದುವ ಕೈ ಇದು, ಇಷ್ಟು ದೊಡ್ಡ ಮುದ್ದೆಯನ್ನು ಬಗ್ಗಿಸುವ ಕೈ, ತನ್ನದೇ ಎದೆಯಿಂದ ಏನೂ ತೆಗೆಯಲಾರದೆ ಮತ್ತೆ ಮತ್ತೆ ಒತ್ತಿತು, ಬಹಳ ಹೊತ್ತಾದ ಮೇಲೆ ತುದಿಯಲ್ಲಿ ಒಂದು ಹನಿ ಕೂಡಿತು, ಬಿಳಿ, ಸಾಸಿವೆಯಷ್ಟು, ಆಮೇಲೆ ಸ್ವಲ್ಪ ದೊಡ್ಡದು, ಕೆಳಗೆ ಬಟ್ಟಲು ಹಿಡಿದು ಕೂತೆ, ಬೀಳು ಎಂದೆ, ಬೀಳಲಿಲ್ಲ, ಅಲ್ಲೇ ನೇತಾಡಿತು, ಬೀಳು ಬೀಳು ಎಂದೆ, ಗಟ್ಟಿಯಾಗಿಯೇ ಎಂದೆ, ಮಗಳು ಅದನ್ನೇ ನೋಡುತ್ತಿದ್ದಳು. ಬೀಳಲಿಲ್ಲ, ಮೈಗೇ ಅಂಟಿ ಆರಿತು. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದರು, ಎಂದೂ ಬಂದವರಲ್ಲ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನ ಮುಖ ನೋಡದೆ, ಬೀದಿಯ ಕಡೆ ನೋಡುತ್ತಾ ಹೇಳಿದರು, ಮೂಗು ಸೋರಿದ್ರೆ ಸೋರ್ಲಿ ಬಿಡು, ಅವನ ಹಿಟ್ಟು ತಾನೇ.

ಬಂದ ಕೂಡಲೇ ಮಾಸ್ಟರ್ ಹತ್ತಿರ ಹೋದೆ, ಮರ್ಯಾದೆಯಿಂದಲೇ ಕೇಳಿದೆ, ಕೈಮುಗಿಯುವುದೊಂದು ಬಾಕಿ, ಮಾಸ್ಟ್ರೇ ಹಾಲು ಕೂಡ್ಕೊಳ್ಳೋವರೆಗೆ ನನ್ನನ್ನ ಪ್ಯಾಕಿಂಗಿಗೆ ಹಾಕಿ, ಅಲ್ಲಿ ಇಷ್ಟು ಧೂಳಿಲ್ಲ, ಪ್ಯಾಕಿಂಗಿಗೆ ಯಾರು ಬೇಕಾದ್ರೂ ಸಿಗ್ತಾರಮ್ಮ, ಬನ್ನಿಗೆ ನಿನ್ನ ಕೈ ಬೇಕು, ಹಾಗಾದ್ರೆ ಮುಖಕ್ಕೆ ಬಟ್ಟೆ ಕಟ್ಕೊಳ್ತೀನಿ, ಬಟ್ಟೆನಾ, ಗಾಜಿನಾಚೆ ನಿಂತವರು ಏನಂದ್ಕೊಳ್ತಾರೆ, ಇವಳಿಗೇನೋ ರೋಗ ಅಂತಾರೆ, ಸರಿ ಮಾಸ್ಟ್ರೇ, ಆದ್ರೆ ಆ ಮಾತ್ರೆ ನನಗೆ ಬೇಡ, ಡಾಕ್ಟ್ರಮ್ಮ ಹೀಗೀಗೆ ಹೇಳಿದ್ರು, ಆಗ ಅವರು ನಕ್ಕರು, ಕೆಟ್ಟ ನಗುವಲ್ಲ, ಮಗಳಿಗೆ ಬುದ್ಧಿ ಹೇಳುವವರ ನಗು, ಅದಕ್ಕೇ ಮೈ ಉರಿದದ್ದು, ಡಾಕ್ಟ್ರು ಹೇಳಿದ್ದೆಲ್ಲ ಕೇಳ್ತಾ ಕೂತ್ರೆ ಬದುಕಕ್ಕಾಗಲ್ಲ, ನಮ್ಮಪ್ಪನ ಕಾಲದಿಂದ ಕೊಡ್ತಿದ್ದೀವಿ, ಒಬ್ರಿಗೂ ಏನೂ ಆಗಿಲ್ಲ. ಏನೂ ಆಗಿಲ್ಲ. ಒಬ್ಬರಿಗೂ. ಹಾಲು ಬತ್ತುವಾಗ ಸದ್ದಾಗುವುದಿಲ್ಲ ಮಾಸ್ಟರ್, ಭಟ್ಟಿಯ ತಟ್ಟೆ ಬಿದ್ದರೆ ಸದ್ದಾಗುತ್ತದೆ, ಅದಕ್ಕೆ ಓಡಿ ಬರುತ್ತೀರಿ, ಬನ್ನಿನ ತಳ ಕೆಂಪಾದರೆ ಎತ್ತಿ ಎತ್ತಿ ನೋಡುತ್ತೀರಿ, ನಿಮ್ಮ ಮನೆಯಾಕೆ ಒಂದು ದಿನವಾದರೂ ಈ ತೊಟ್ಟಿಯ ಮುಂದೆ ನಿಂತಿದ್ದಾರೆಯೇ, ಇಲ್ಲ, ನಿಮ್ಮ ಮಕ್ಕಳು ಗುಂಡುಗುಂಡಾಗಿ ಬೆಳೆದರು, ಇಲ್ಲಿ ನಿಂತವರ ಮಕ್ಕಳು ಬಾಯಿ ತೆರೆದುಕೊಂಡು ನೋಡಿದರು, ಏನೂ ಆಗಿಲ್ಲವಂತೆ, ಈ ಸಿಟ್ಟು ನನಗೆ ಅವರ ಎದುರು ಯಾಕೆ ಬರಲಿಲ್ಲ, ಆಗಲಿ ಮಾಸ್ಟ್ರೇ ಎಂದು ಬಂದು ಹಿಟ್ಟಿಗೆ ಕೈ ಹಾಕಿದೆನಲ್ಲ, ಬಾಯಲ್ಲಿ ಏನಿತ್ತು ಆಗ, ಈ ಕೆಲಸ ಹೋದರೆ ಹಿಟ್ಟು ನಾದುವುದು ಬಿಟ್ಟು ನನಗೆ ಬೇರೆ ಏನು ಬರುತ್ತದೆ, ಅದಿತ್ತು ಬಾಯಲ್ಲಿ.

ಬಂದರು. ಮಾಸ್ಟರ್ ಬಂದರು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ, ಬಿಳಿ, ಎಷ್ಟು ಚಿಕ್ಕದು, ಗಾಜಿಗೆ ಬೆನ್ನು ಮಾಡಿ ನಿಂತು ಗಿರಾಕಿಗಳಿಗೆ ಕೇಳಿಸದ ಹಾಗೆ ಹೇಳುತ್ತಾರೆ, ಬಾಯಿ ತೆಗಿಯಮ್ಮ, ನಾನೇ ಹಾಕ್ತೀನಿ, ಕೈ ಹಿಟ್ಟಲ್ಲಿದೆ ನಿಂದು, ನಾನು ಬಾಯಿ ತೆಗೆಯುವುದಿಲ್ಲ, ಒತ್ತು, ಮಡಿಸು, ಅಂಚಿನಿಂದ ತುದಿಗೆ ಬಂತು, ಈಗ ಮೂಗೇರಿಸುವುದಿಲ್ಲ, ತೆಗಿ, ಹಟ ಮಾಡ್ಬೇಡ, ಬಿದ್ರೆ ತೊಟ್ಟಿ ಹಿಟ್ಟು ಪೂರ್ತಿ ಚೆಲ್ಬೇಕಾಗತ್ತೆ, ಅಷ್ಟು ಜನ ನೋಡ್ತಿದ್ದಾರೆ, ನೋಡುತ್ತಿದ್ದಾರೆ, ಹೌದು, ಹೆಗಲ ಮೇಲೆ ಮಗು ಹಾಕಿಕೊಂಡವಳು ಗಾಜಿನ ಹತ್ತಿರಕ್ಕೆ ಬಂದಿದ್ದಾಳೆ, ಮಾಸ್ಟರ್ ಹೆಗಲಿನಾಚೆ ಅವಳ ಕಣ್ಣು ನನಗೆ ಕಾಣುತ್ತಿದೆ, ಭಟ್ಟಿ ತಾತ ಸಲಾಕೆ ಹಿಡಿದು ಹಾಗೇ ನಿಂತಿದ್ದಾನೆ, ಅಂಗೈ ತುಟಿಯ ಹತ್ತಿರ ಬಂತು, ಬೆವರಿನ ವಾಸನೆ, ತುಟಿ ಬಿಗಿದೆ, ಹಲ್ಲು ಕಚ್ಚಿದೆ, ಎದೆಯೊಳಗೆ ಏನೋ ಚುಳ್ ಎಂದಿತು, ಅದೇ ಚುಳುಕು, ಅಂಗಿ ನೆನೆಯುವ ಮೊದಲು ಬರುತ್ತಿದ್ದದ್ದು, ಅದೇ ಹೌದೋ ಅಲ್ಲವೋ, ಹೇಗೆ ನೋಡಲಿ, ಕೈ ಹಿಟ್ಟಿನಲ್ಲಿದೆ, ಏನಮ್ಮ ನಿಂಗೆ ಕೆಲಸ ಬೇಕೋ ಬೇಡ್ವೋ, ಬೇಕು, ಎರಡೂ ಬೇಕು, ಬಗ್ಗಿದೆ, ಹಿಟ್ಟಿನ ಮೇಲೆ ಇನ್ನಷ್ಟು ಬಗ್ಗಿದೆ, ನುಣ್ಣಗೆ, ಬೆಳ್ಳಗೆ, ನನ್ನ ಕೈಯೇ ನಾದಿದ್ದು, ಕೈ ನಿಂತಿತು, ಮೂಗಿನ ತುದಿಯಲ್ಲಿ ಹನಿ, ಸಾಸಿವೆಯಷ್ಟಿತ್ತು, ದೊಡ್ಡದಾಯಿತು, ಬಿಸಿಲು ಅದರೊಳಗೆ ಬಂತು, ನೇತಾಡುತ್ತಿದೆ, ಕಣ್ಣೊಳಗೆ ಮಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದಾಳೆ, ಹನಿ, ನೇತಾಡುತ್ತಿದೆ, ಬೀಳು, ಹನಿ, ಬೀಳು.